ಸಿ8ರ ಒಂಟೆ

ಟೈಲರ್ ಮಾಮನ ಚದುರಂಗದ ಹಾಸು ಬಟ್ಟೆಯದು, ಅವರೇ ಹೊಲಿದದ್ದು. ಬಿಳಿ ಪಾಪ್ಲಿನ್ನಿನ 32 ತುಂಡು, ಶಾಲೆಯ ಚಡ್ಡಿಗೆ ಕತ್ತರಿಸಿ ಮಿಕ್ಕ ಖಾಕಿಯ 32 ತುಂಡು, ಸುತ್ತ ಕಪ್ಪು ಪಟ್ಟಿ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರದು ಒಂದೇ ಬಾಗಿಲಿನ ಅಂಗಡಿ. ಸಂಜೆ ಕರೆಂಟು ಹೋದರೆ ಮಷೀನಿಗೆ ಮುಸುಕು ಹಾಕಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆ ಹಾಸು ಬಿಡಿಸಿ, ದೀಪ ಹಚ್ಚಿಟ್ಟು, ಬೀದಿಯಲ್ಲಿ ಹೋಗುವವರನ್ನು ಆಟಕ್ಕೆ ಕರೆಯುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಹಾಗೆ ಕರೆಸಿಕೊಂಡು ಒಳಗೆ ಹೋದವನು, ಪಿಯುಸಿ ಮುಗಿಯುವವರೆಗೂ ದಿನಾ ಹೋದೆ.

ಅವರು ಕಲಿತದ್ದು ನಮ್ಮ ಕಡೆ ಹಳಬರು ಆಡುತ್ತಿದ್ದ ಚದುರಂಗ. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ರಾಜನಿಗೆ ಆಟದಲ್ಲೊಮ್ಮೆ ಕುದುರೆಯ ಹಾಗೆ ನೆಗೆಯುವ ಅವಕಾಶ. ಕಾಲಾಳು ಎರಡು ಮನೆ ಹಾರುವ ಹೊಸ ಪದ್ಧತಿ ಅವರಿಗೆ ದೊಡ್ಡವರಾದ ಮೇಲೆ ಗೊತ್ತಾದದ್ದು. ಅದನ್ನು ಒಪ್ಪಿಕೊಂಡರೂ ಅವರ ಕೈ ಮಾತ್ರ ಒಂದೇ ಮನೆಗೆ ಹೋಗುತ್ತಿತ್ತು. ಅಂಥವರಿಗೆ ಎಲ್ಲಿಂದಲೋ ಮುಖಪುಟ ಕಿತ್ತುಹೋದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ಮನೆಗಳಿಗೆ ಇ4, ಡಿ5 ಎಂದು ಹೆಸರಿಡುವ ರೂಢಿ ಅದರಲ್ಲಿರಲಿಲ್ಲ. ಹಳೆಯ ಕಾಲದ 'ಪಿ-ಕೆ4', 'ಪಿ-ಕೆ3' ಬರವಣಿಗೆ, ಅಂದರೆ ರಾಜನ ಸಾಲಿನ ಕಾಲಾಳು ನಾಲ್ಕನೇ ಮನೆಗೆ, ಮೂರನೇ ಮನೆಗೆ. ಇಂಗ್ಲಿಷ್ ಓದಲು ಬಾರದ ಮಾಮ ಅಷ್ಟು ಅಕ್ಷರಗಳನ್ನು ಗುರುತು ಹಿಡಿಯಲು ಕಲಿತಿದ್ದರು. ನಡುನಡುವೆ ಬರುವ ವಾಕ್ಯಗಳನ್ನು ಓದಿ ಹೇಳುವುದು ನನ್ನ ಕೆಲಸವಾಯಿತು. ಅದರಲ್ಲಿ ಬಿಳಿ 'ಪಿ-ಕೆ4' ಆಡಿದಾಗ ಕಪ್ಪು ಒಂದೇ ಹೆಜ್ಜೆ ಇಟ್ಟು 'ಪಿ-ಕೆ3' ಎಂದು ಉತ್ತರ ಕೊಡುವ ಅಧ್ಯಾಯವಿತ್ತು. ಅದರ ಹೆಸರು ಫ್ರೆಂಚ್ ಡಿಫೆನ್ಸ್. ಮಾಮ ಆ ಪುಟವನ್ನು ಸವರಿ, "ನೋಡು, ಇವನು ನಮ್ಮೋನು" ಅಂದರು.

ಆ ಹೆಸರು ಬಂದ ಕಥೆ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. 1834ರಿಂದ 1836ರವರೆಗೆ ಲಂಡನ್ನಿನ ಆಟಗಾರರಿಗೂ ಪ್ಯಾರಿಸ್ಸಿನ ಆಟಗಾರರಿಗೂ ಅಂಚೆಯ ಮೂಲಕ ಪಂದ್ಯ ನಡೆಯಿತು. ಪ್ಯಾರಿಸ್ಸಿನವರು ಆ ಒಂದು ಹೆಜ್ಜೆಯ ಉತ್ತರ ಬರೆದು ಕಳಿಸಿದರು, ಆ ಆಟವನ್ನು ಗೆದ್ದೂ ಬಿಟ್ಟರು. ಒಂದೊಂದು ನಡೆಗೂ ಕಾಗದ ಬರುವುದನ್ನು ಕಾಯುವ ಆಟಕ್ಕೆ ಇಂಥ ತಾಳ್ಮೆಯ ಆರಂಭವೇ ಒದಗಿಬಂದದ್ದು ನನಗೆ ಇಂದಿಗೂ ಇಷ್ಟವಾಗುತ್ತದೆ.

ಫ್ರೆಂಚಿನಲ್ಲಿ ಕಪ್ಪಿನ ಕಾಲಾಳುಗಳು ಇ6ರಲ್ಲೊಂದು, ಡಿ5ರಲ್ಲೊಂದು ನಿಂತು ಗೋಡೆಯಾಗುತ್ತವೆ. ಬಿಳಿ ತನ್ನ ಕಾಲಾಳನ್ನು ಇ5ಕ್ಕೆ ನೂಕಿದರೆ ಮಧ್ಯದ ಜಾಗವೆಲ್ಲ ಅದರದು. ಕಪ್ಪಿಗೆ ಉಸಿರಾಡಲೂ ಇಕ್ಕಟ್ಟು. ಆದರೆ ಗೋಡೆ ಗಟ್ಟಿ. ಅದರ ಹಿಂದೆ ನಿಂತು ಬಿಳಿಯ ಕಾಲಾಳು ಸರಪಳಿಯ ಬುಡಕ್ಕೆ, ಡಿ4ಕ್ಕೆ, ಸಿ5ರಿಂದ ಏಟು ಕೊಡುವುದೇ ಈ ಆಟದ ಜೀವ. ಇದಕ್ಕೆ ತೆರಬೇಕಾದ ಬೆಲೆ ಸಿ8ರಲ್ಲಿರುವ ಒಂಟೆ. ಟೂರ್ನಮೆಂಟಿನಲ್ಲಿ ನಾವು ಬಿಷಪ್, ಕ್ವೀನ್ ಅನ್ನುತ್ತೇವೆ. ಮಾಮನ ಬಾಯಲ್ಲಿ ಅವು ಒಂಟೆ, ಮಂತ್ರಿ. ಇಲ್ಲಿ ಅವರ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಓರೆಯಾಗಿ ಬಿಳಿ ಮನೆಗಳಲ್ಲಷ್ಟೇ ಓಡುವ ಆ ಒಂಟೆಗೆ ಎದುರಾಗುವುದು ತನ್ನದೇ ಕಾಲಾಳುಗಳ ಬೆನ್ನು. ಫ್ರೆಂಚ್ ಆಡುವವರೆಲ್ಲ ಬದುಕಿಡೀ ಆ ಒಂಟೆಯ ಚಿಂತೆ ಮಾಡುತ್ತಾರೆ. ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ಊಲ್ಮನ್ ಹತ್ತಾರು ವರ್ಷ ಇದೊಂದನ್ನೇ ನಂಬಿ ಆಡಿದವರು. 1960ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಾಬ್ಬಿ ಫಿಷರ್‌ನನ್ನು ಅವರು ಸೋಲಿಸಿದ್ದೂ ಇದರಿಂದಲೇ.

ಮಾಮ ನನಗೆ ಮೊದಲು ಕಲಿಸಿದ್ದು ಒಂದು ಬಲೆ. ಬಿಳಿಯ ಡಿ4 ಕಾಲಾಳು ಬಿಟ್ಟಿ ಸಿಕ್ಕಿದ ಹಾಗೆ ಕಾಣುತ್ತದೆ. ಕುದುರೆಯಿಂದ ಹೊಡೆದರೆ ಅವರು ಕುದುರೆಯಿಂದ ಹೊಡೆಯುತ್ತಾರೆ, ನಮ್ಮ ಮಂತ್ರಿ ಹೋಗಿ ಅದನ್ನು ಹೊಡೆಯುತ್ತದೆ. ಆಗ ಡಿ3ರಲ್ಲಿರುವ ಬಿಳಿ ಒಂಟೆ ಬಿ5ಕ್ಕೆ ಜಿಗಿದು ಚೆಕ್ ಕೊಡುತ್ತದೆ. ಒಂಟೆ ಸರಿದ ದಾರಿಯಲ್ಲಿ ಬಿಳಿ ಮಂತ್ರಿಯ ಕಣ್ಣು ನಮ್ಮ ಮಂತ್ರಿಯ ಮೇಲೆ. ರಾಜನನ್ನು ಉಳಿಸಿಕೊಳ್ಳುವಷ್ಟರಲ್ಲಿ ಮಂತ್ರಿ ಹೋಯಿತು. ನಾನು ಒಂದೇ ಸಂಜೆ ಮೂರು ಸಲ ಹೀಗೆ ಮಂತ್ರಿ ಕಳೆದುಕೊಂಡೆ. ನಾಲ್ಕನೇ ಸಲ ಮಾಮ ನನ್ನ ಕೈ ಹಿಡಿದು ಸಿ8ರ ಒಂಟೆಯನ್ನು ಒಂದು ಮನೆ ಮುಂದೆ, ಡಿ7ಕ್ಕೆ ಇಡಿಸಿದರು.

"ಮೊದಲು ಇವನ್ನ ಬಾಗಿಲಲ್ಲಿ ನಿಲ್ಲಿಸು ಕಣೋ. ಆಮೇಲೆ ಹೋಗಿ ತಿನ್ನು. ಚೆಕ್ಕು ಎಲ್ಲಿಂದ ಬರ್ತದೆ ಈಗ?"

ಬರುವುದಿಲ್ಲ. ಎಲ್ಲರೂ ಕೆಟ್ಟದ್ದು ಅನ್ನುವ ಒಂಟೆ ರಾಜನ ಮುಂದೆ ಅಡ್ಡ ನಿಂತಿತ್ತು. ಆವತ್ತಿನಿಂದ ನನಗೆ ಆ ಕಾಯಿಯ ಮೇಲೆ ಹೇಳಿಕೊಳ್ಳಲಾಗದ ಅಕ್ಕರೆ.

ಇದರಲ್ಲೂ ಕ್ರಮ ತಪ್ಪಬಾರದು. ಸಿ5ರ ಕಾಲಾಳಿನಿಂದ ಡಿ4ರಲ್ಲಿ ಹೊಡೆದುಕೊಂಡ ಮೇಲೆ ಒಂಟೆ ಡಿ7ಕ್ಕೆ ಹೋಗಬೇಕು. 1911ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ಸಾಲ್ವೆ ಎಂಬಾತ ನಿಮ್ಜೋವಿಚ್ ಎದುರು ಆತುರಪಟ್ಟು ಒಂಟೆಯನ್ನು ಮೊದಲೇ ಇಟ್ಟ. ನಿಮ್ಜೋವಿಚ್ ಸಿ5ರ ಕಾಲಾಳನ್ನು ತಾನೇ ಹೊಡೆದು, ಡಿ4, ಇ5 ಮನೆಗಳಲ್ಲಿ ತನ್ನ ಕಾಯಿಗಳನ್ನು ಕೂರಿಸಿ, ಆ ಒಂಟೆಯನ್ನು ಕೊನೆಯವರೆಗೂ ಉಸಿರುಗಟ್ಟಿಸಿ ಗೆದ್ದ. ಆಟ ಬಲ್ಲವರು ಇದನ್ನು ಪಾಠವೆಂದು ಓದುತ್ತಾರೆ. ನನಗೆ ಓದುವಾಗಲೆಲ್ಲ ಆ ಒಂಟೆಯ ಮೇಲೆ ಮರುಕ ಬರುತ್ತದೆ.

1991ರ ಡಿಸೆಂಬರ್ ಕೊನೆಯಿಂದ 1992ರ ಜನವರಿ ಮೊದಲ ದಿನಗಳವರೆಗೆ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ನಡೆದ ಪಂದ್ಯಾವಳಿಯಲ್ಲಿ ವಿಶ್ವನಾಥನ್ ಆನಂದ್ ಕಾಸ್ಪರೋವ್‌ನನ್ನು ಸೋಲಿಸಿದರು. ಆನಂದ್‌ಗೆ ಆಗ 22 ವರ್ಷ. ಎದುರಿಗೆ ಕುಳಿತವನು 1985ರಿಂದ ವಿಶ್ವ ಚಾಂಪಿಯನ್. ಆನಂದ್ ಕೈಯಲ್ಲಿ ಕಪ್ಪು ಕಾಯಿ, ಆಡಿದ್ದು ಫ್ರೆಂಚ್. ಪಂದ್ಯಾವಳಿಯಲ್ಲೂ ಅವರೇ ಮೊದಲಿಗರಾದರು. ಪತ್ರಿಕೆಯ ಆ ತುಂಡನ್ನು ಮಾಮ ಗೋಡೆಯ ಮೇಲೆ ಗುಂಡುಸೂಜಿ ಚುಚ್ಚಿ ಸಿಕ್ಕಿಸಿದರು. ಪಕ್ಕದಲ್ಲಿ ಗಿರಾಕಿಗಳ ಅಳತೆ ಚೀಟಿಗಳು. ಆಟದ ನಡೆಗಳು ನಮ್ಮ ಕೈಗೆ ಬರಲು ತಿಂಗಳುಗಳೇ ಹಿಡಿದವು. ಬಂದಾಗ ಬಟ್ಟೆಯ ಹಾಸಿನ ಮೇಲೆ ಒಂದೊಂದೇ ಆಡಿ ನೋಡಿದೆವು. ಆನಂದ್ ಆ ಆಟದಲ್ಲಿ ಗೋಡೆ ಕಟ್ಟಿಕೊಂಡು ಕೂರಲೇ ಇಲ್ಲ. ಡಿ5ರಲ್ಲಿ ಮಂತ್ರಿಯಿಂದಲೇ ಹೊಡೆದುಕೊಂಡು, ಸಿ8ರ ಒಂಟೆಯನ್ನು ಬಿ7ಕ್ಕೆ ತಂದು ಉದ್ದದ ಓರೆಗೆ ನಿಲ್ಲಿಸಿದ್ದರು. ಮಾಮ ಬಹಳ ಹೊತ್ತು ಆ ಒಂಟೆಯನ್ನು ನೋಡಿ, "ಇವನಿಗೆ ಆಚೆ ಕಡೆ ದಾರಿ ಗೊತ್ತು" ಅಂದರು. ಆನಂದ್ ಬಗ್ಗೆ ಹೇಳಿದರೋ ಒಂಟೆಯ ಬಗ್ಗೆಯೋ, ನಾನು ಕೇಳಲಿಲ್ಲ.

1993ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಒಂದು ಮುಕ್ತ ಪಂದ್ಯಾವಳಿ. ಆರು ಸುತ್ತು. ನನಗೆ 17 ವರ್ಷ. ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯ 64 ಮನೆಗಳಲ್ಲೂ ಕುದುರೆಯನ್ನು ಒಂದೊಂದೇ ಸಲ ನಡೆಸುವ ದಾರಿಗಳನ್ನು ಕಟ್ಟಿದ ಊರಿದು ಎಂದು ಮಾಮ ಹೇಳಿ ಕಳಿಸಿದ್ದರು. ಅವರು ಬರುವ ಹಾಗಿರಲಿಲ್ಲ. ಗೌರಿ ಹಬ್ಬ ಹತ್ತಿರ ಬರುತ್ತಿತ್ತು, ಅಂಗಡಿಯಲ್ಲಿ ರವಿಕೆ ಬಟ್ಟೆಯ ರಾಶಿ. ಐದು ಸುತ್ತು ಮುಗಿದಾಗ ನನ್ನದು ನಾಲ್ಕು ಪಾಯಿಂಟು. ಕೊನೆಯ ಸುತ್ತಿನಲ್ಲಿ ಅರ್ಧ ಪಾಯಿಂಟು ಬಂದರೂ ಬಹುಮಾನದ ಪಟ್ಟಿಯಲ್ಲಿ ಹೆಸರು. ಗೋಡೆಗೆ ಅಂಟಿಸಿದ ಜೋಡಿ ಪಟ್ಟಿ ನೋಡಿದೆ. ನನಗೆ ಕಪ್ಪು.

ಎದುರಿಗೆ ಕುಳಿತವರಿಗೆ ಐವತ್ತು ದಾಟಿತ್ತು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ಶುರು ಮಾಡೋಣ್ವಾ ಮರಿ?" ಎಂದು ಕೈ ಕುಲುಕಿ ಗಡಿಯಾರದ ಗುಂಡಿ ಒತ್ತಲು ಹೇಳಿದರು. ಕೀಲಿ ಕೊಡುವ ಎರಡು ಮುಖದ ಗಡಿಯಾರ. ತಲಾ ಒಂದೂವರೆ ಗಂಟೆ. ಮುಳ್ಳು ಹನ್ನೆರಡರ ಹತ್ತಿರ ಬಂದರೆ ಕೆಂಪು ಬಾವುಟ ಮೇಲೇಳುತ್ತದೆ, ದಾಟಿದರೆ ಬೀಳುತ್ತದೆ.

ಅವರು ಇ4, ನಾನು ಇ6. ಮೂರನೇ ನಡೆಗೆ ಅವರ ಕಾಲಾಳು ಇ5ಕ್ಕೆ ಬಂತು. ಆರನೇ ನಡೆಯಲ್ಲಿ ಅವರ ಒಂಟೆ ಡಿ3ಕ್ಕೆ ಬಂದಾಗ ನನ್ನ ಎದೆ ಹೊಡೆದುಕೊಂಡಿತು. ಇದು ಮಾಮನ ಬಲೆ. ನಾನು ಡಿ4ರಲ್ಲಿ ಹೊಡೆದೆ, ಅವರು ಹೊಡೆದರು, ನಾನು ಒಂಟೆಯನ್ನು ಬಾಗಿಲಲ್ಲಿ ನಿಲ್ಲಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಕ್ಯಾಸ್ಲಿಂಗ್ ಮಾಡಿದರು. ಡಿ4 ಕಾಲಾಳನ್ನು ಬೇಕೆಂದೇ ಬಿಟ್ಟಿದ್ದರು. ತೆಗೆದುಕೋ ಅನ್ನುವ ಹಾಗೆ.

ಇದೊಂದು ಹೆಸರಾಂತ ಬಲಿದಾನ. ಇಂಗ್ಲೆಂಡಿನ ಸ್ಟುವರ್ಟ್ ಮಿಲ್ನರ್-ಬ್ಯಾರಿ ಅವರ ಹೆಸರಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ ಸೇನೆಯ ಗುಪ್ತ ಸಂದೇಶಗಳನ್ನು ಒಡೆಯುತ್ತಿದ್ದ ಗುಂಪಿನಲ್ಲಿ ಅವರಿದ್ದರು. 1941ರ ಅಕ್ಟೋಬರ್‌ನಲ್ಲಿ ಸಿಬ್ಬಂದಿ ಸಾಲದೆ ಕೆಲಸ ನಿಲ್ಲುವ ಹಂತಕ್ಕೆ ಬಂದಾಗ, ಅಲನ್ ಟ್ಯೂರಿಂಗ್ ಮೊದಲಾದವರೊಂದಿಗೆ ಸಹಿ ಮಾಡಿದ ಪತ್ರವನ್ನು ಲಂಡನ್ನಿಗೆ ಒಯ್ದು ಚರ್ಚಿಲ್ ಅವರ ಮನೆ ಬಾಗಿಲಿಗೆ ಮುಟ್ಟಿಸಿದವರೂ ಇವರೇ. ಆ ಹೊತ್ತಿಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ಕಣ್ಣೆದುರು ಒಂದು ಕಾಲಾಳು ಇತ್ತು, ನನಗೆ ಅದು ಬೇಕಿತ್ತು. ಹೊಡೆದೆ. ಕುದುರೆಗಳು ಹೋದವು, ನನ್ನ ಮಂತ್ರಿ ಡಿ4ರಲ್ಲಿ ನಿಂತಿತು. ಅವರು ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದರು. ಈಗ ಇ5ರ ಕಾಲಾಳೂ ಬಿಟ್ಟಿ.

ಆ ನಡೆಗೆ ನಾನು 18 ನಿಮಿಷ ತೆಗೆದುಕೊಂಡೆ. ಸ್ಕೋರ್ ಶೀಟಿನ ಅಂಚಿನಲ್ಲಿ ಬರೆದುಕೊಂಡದ್ದು ಇನ್ನೂ ಇದೆ. ಎರಡನೇ ಕಾಲಾಳನ್ನು ಹೊಡೆದರೆ ಅವರ ಆನೆ ಇ1ಕ್ಕೆ ಬಂದು ಮಂತ್ರಿಯನ್ನು ಅಟ್ಟುತ್ತದೆ, ಕುದುರೆ ಬಿ5ಕ್ಕೆ ನೆಗೆಯುತ್ತದೆ, ನನ್ನ ರಾಜ ಇನ್ನೂ ನಡುಮನೆಯಲ್ಲಿ. ಆದರೂ ಕೈ ತುರಿಸುತ್ತಿತ್ತು. ಆಗ ಮಾಮನ ಮಾತು ನೆನಪಾಯಿತು. ಅವರು ಅದನ್ನು ಹೇಳಿದ್ದು ಚದುರಂಗದ ಬಗ್ಗೆ ಅಲ್ಲ. ಬಟ್ಟೆ ಕತ್ತರಿಸುವಾಗ ಗಿರಾಕಿಯ ತುಂಡಿನಲ್ಲಿ ಮಿಗುವುದರ ಬಗ್ಗೆ: "ಒಂದು ತುಂಡು ಮಿಕ್ಕರೆ ನಂದು. ಎರಡನೇದಕ್ಕೆ ಆಸೆ ಪಟ್ರೆ ಅಂಗಿ ಗಿಡ್ಡ ಆಗ್ತದೆ." ಮಂತ್ರಿಯನ್ನು ಮುಟ್ಟದೆ, ಅಂಚಿನ ಕಾಲಾಳನ್ನು ಎ6ಕ್ಕೆ ಒಂದು ಮನೆ ಸರಿಸಿದೆ. ಕುದುರೆಗೆ ಬಿ5ರ ದಾರಿ ಮುಚ್ಚಿತು. ಎದುರಿನವರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ಹತ್ತು ನಡೆ ನನ್ನ ಬದುಕಿನಲ್ಲೇ ನಾನು ಅತ್ಯಂತ ನಿಚ್ಚಳವಾಗಿ ಯೋಚಿಸಿದ ಹೊತ್ತು. ಅವರು ರಾಜನನ್ನು ಮೂಲೆಗೆ ಸರಿಸಿ ಎಫ್4 ನೂಕಿದರು. ನನ್ನ ಉಳಿದ ಕುದುರೆ ಇ7, ಸಿ6, ಬಿ4 ಎಂದು ಸುತ್ತಿ ಹೋಗಿ ಅವರ ದಾಳಿಯ ಒಂಟೆಯನ್ನು ಕಿತ್ತುಕೊಂಡು ಸತ್ತಿತು. ಕಪ್ಪು ಮನೆಗಳ ಒಂಟೆಗಳೂ ಸಿ5ರಲ್ಲಿ ಒಂದಕ್ಕೊಂದು ಹೊಡೆದಾಡಿ ಹೋದವು. ಆಗ ಉಳಿದದ್ದನ್ನು ನೋಡಿದರೆ ಫ್ರೆಂಚಿನ ಹಳೆಯ ಪ್ರಶ್ನೆಯೇ ಹಲಗೆಯ ಮೇಲೆ ಕೂತಿತ್ತು. ಅವರದು ಒಂದು ಕುದುರೆ, ನನ್ನದು ಡಿ7ರ ಒಂಟೆ. ನನಗೆ ಒಂದು ಕಾಲಾಳು ಹೆಚ್ಚು. ಆದರೆ ಅವರ ಕುದುರೆ ಡಿ4ಕ್ಕೆ ಬಂದು ಕೂತರೆ ಸಾಲ್ವೆಯ ಗತಿ ನನಗೂ.

20ನೇ ನಡೆಗೆ ಕುದುರೆ ಡಿ4ಕ್ಕೆ ಬಂದೇಬಂತು. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ. ಬೆಳಗಿನಿಂದ ಬಾಗಿಲಲ್ಲಿ ನಿಂತಿದ್ದ ಒಂಟೆಯನ್ನು ಎತ್ತಿ ಬಿ5ರಲ್ಲಿಟ್ಟೆ. ಗೋಡೆಯ ಹೊರಗೆ, ಅವರ ಆನೆಗೆ ಎದುರಾಗಿ. ಎ6ರ ಕಾಲಾಳು ಅದರ ಬೆನ್ನಿಗಿತ್ತು. ಅವರು ಐದು ನಿಮಿಷ ನೋಡಿ, ಬೇರೆ ದಾರಿ ಕಾಣದೆ, ಅಷ್ಟು ಕಷ್ಟಪಟ್ಟು ಕೂರಿಸಿದ ಕುದುರೆಯಿಂದಲೇ ಅದನ್ನು ಹೊಡೆದರು. ಕಾಲಾಳಿನಿಂದ ನಾನು ಹೊಡೆದೆ. ಫ್ರೆಂಚಿನ ಕೆಟ್ಟ ಒಂಟೆ ಹಲಗೆಯ ಮೇಲಿರಲಿಲ್ಲ. ಅದಕ್ಕೆ ಕಾವಲು ಕೂತಿದ್ದ ಕುದುರೆಯೂ ಇರಲಿಲ್ಲ. ನನ್ನ ಡಿ5 ಕಾಲಾಳಿನ ಮುಂದಿನ ದಾರಿಯಲ್ಲಿ ಯಾವ ಬಿಳಿ ಕಾಲಾಳೂ ಇರಲಿಲ್ಲ.

ಇಲ್ಲಿಂದ ಮುಂದೆ ಬರೆಯಲು ಇಂದಿಗೂ ಕೈ ತಡೆಯುತ್ತದೆ. ಆನೆಗಳು ಸಿ ಸಾಲಿನಲ್ಲಿ ಒಂದೊಂದಾಗಿ ಹೋದವು. ಮಂತ್ರಿಗಳು ಉಳಿದವು: ಅವರದು ಡಿ4ರಲ್ಲಿ ನನ್ನ ಕಾಲಾಳಿಗೆ ಅಡ್ಡ, ನನ್ನದು ಸಿ8ರಲ್ಲಿ. 28ನೇ ನಡೆ. ಅವರ ಗಡಿಯಾರದಲ್ಲಿ ಕೆಂಪು ಬಾವುಟ ಏಳುವುದಕ್ಕೆ ಹತ್ತಿರ, ನನ್ನದರಲ್ಲಿ 20 ನಿಮಿಷ. ನಾನು ಹಲಗೆ ನೋಡಿದೆ, ನನ್ನ ರಾಜನ ಸುತ್ತಲಿನ ಕಾಲಾಳುಗಳನ್ನು ನೋಡಿದೆ, ಎಲ್ಲಾದರೂ ತೂತಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಎಲ್ಲ ಭದ್ರವಾಗಿತ್ತು. ಭದ್ರವಾಗಿದೆ ಎಂಬ ಸಮಾಧಾನದಲ್ಲೇ ಮಾತು ಬಾಯಿಂದ ಬಂದುಬಿಟ್ಟಿತು.

"ಡ್ರಾ ಮಾಡೋಣ್ವಾ ಸಾರ್?"

ಅವರು ಕೈ ಚಾಚಿದ್ದು ಎಷ್ಟು ಬೇಗ ಎಂದರೆ ಅವರ ತೋಳು ತಾಗಿ ಒಂದು ಕಾಲಾಳು ಉರುಳಿತು. ಸ್ಕೋರ್ ಶೀಟಿಗೆ ಸಹಿ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿ ಆಡಿದೆ ಕಣಪ್ಪ. ಯಾಕೆ ಕೇಳಿದೆ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ನನಗೆ ಮೋಸ ಮಾಡಲಿಲ್ಲ, ಅವಸರ ಪಡಿಸಲಿಲ್ಲ. ಕೇಳಿದವನು ನಾನು.

ಬಹುಮಾನದ ಲಕೋಟೆ ಜೇಬಿನಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದೆ. ಕೃಷ್ಣರಾಜನಗರ ದಾಟುವವರೆಗೂ ಖುಷಿಯೇ ಇತ್ತು. ಆಮೇಲೆ ಕತ್ತಲಲ್ಲಿ ಕಿಟಕಿಯ ಗಾಜಿಗೆ ತಲೆ ಆನಿಸಿ ಆ ಸ್ಥಿತಿಯನ್ನು ಕಣ್ಣ ಮುಂದೆ ತಂದುಕೊಂಡಾಗ ಏನೋ ಚುಚ್ಚಿತು. ಏನೆಂದು ಹೊಳೆಯಲಿಲ್ಲ.

ಮಾರನೇ ಸಂಜೆ ಅಂಗಡಿಯಲ್ಲಿ ನಾನು ಸ್ಕೋರ್ ಶೀಟ್ ಓದಿದೆ, ಮಾಮ ಬಟ್ಟೆಯ ಹಾಸಿನ ಮೇಲೆ ಆಡಿಸುತ್ತ ಹೋದರು. ಎ6ಕ್ಕೆ ಬಂದಾಗ ತಲೆದೂಗಿದರು. ಒಂಟೆ ಬಿ5ಕ್ಕೆ ಹೋದಾಗ ಅದನ್ನು ಕೈಯಲ್ಲಿ ಹಿಡಿದು ಕೆಳಗಿಡದೆ ಸ್ವಲ್ಪ ಹೊತ್ತು ನೋಡಿದರು. 28ನೇ ನಡೆಯಲ್ಲಿ ನಾನು ನಿಲ್ಲಿಸಿದೆ.

"ಆಮೇಲೆ?"

"ಡ್ರಾ."

"ಯಾರು ಕೇಳಿದ್ದು?"

"ನಾನೇ."

ಅವರು ಬೈಯಲಿಲ್ಲ. ಕಪ್ಪು ಮಂತ್ರಿಯನ್ನು ಎರಡು ಬೆರಳಲ್ಲಿ ಹಿಡಿದು ಸಿ8ರಿಂದ ಸಿ4ಕ್ಕೆ, ಬಿಳಿ ಮಂತ್ರಿಯ ಪಕ್ಕದ ಮನೆಗೆ ಇಟ್ಟರು. ಬಿಳಿ ಹೊಡೆದರೆ ಬಿ5ರ ಕಾಲಾಳು ಸಿ4ಕ್ಕೆ ಬಂದು ಡಿ5ರ ಜೊತೆಗೂಡುತ್ತದೆ. ಹೊಡೆಯದೆ ಮಂತ್ರಿ ಸರಿದರೆ ಡಿ5ರ ಹಾದಿ ತೆರೆಯುತ್ತದೆ. ಬಳಿಕ ಎಫ್6 ನೂಕಿ ಬಿಳಿಯ ಇ5 ಕಾಲಾಳನ್ನೂ ಕೆಡವಬಹುದು. ಗೆಲುವು ಕಟ್ಟಿಟ್ಟ ಬುತ್ತಿ ಎನ್ನಲಾರೆ. ಆದರೆ ಗೆಲ್ಲಲು ಆಡುವ ಹಕ್ಕು ನನ್ನದಾಗಿತ್ತು, ಸೋಲುವ ಭಯ ಅವರದಾಗಿತ್ತು. ನಾನು ಆ ನಡೆಯನ್ನು ನೋಡಿ ಬಿಟ್ಟವನಲ್ಲ. ನೋಡಲೇ ಇಲ್ಲ. ನಾಲ್ಕು ವರ್ಷ ಗೋಡೆಯ ಹಿಂದಿನಿಂದ ಆಡಿ ಆಡಿ, ಗೋಡೆ ಬಿದ್ದುಹೋದ ಮೇಲೂ ನನ್ನ ಕಣ್ಣು ಒಳಗಿನ ತೂತುಗಳನ್ನೇ ಹುಡುಕುತ್ತಿತ್ತು. ಫ್ರೆಂಚನ್ನು ನಾನು ಅರ್ಧ ಕಲಿತಿದ್ದೆ. ಡಿಫೆನ್ಸ್ ಎಂಬ ಹೆಸರಿನ ಹಿಂದೆ ಅದು ಎದುರೇಟಿಗೆಂದು ಕಟ್ಟಿದ ಆಟ. ಇಕ್ಕಟ್ಟನ್ನು ತಡೆದುಕೊಳ್ಳುವುದು ಹೊರಗೆ ಬರುವ ದಿನಕ್ಕಾಗಿ ಎಂಬ ಅದರ ಉಳಿದರ್ಧವನ್ನು ನನಗಿಂತ ಮೊದಲು ನನ್ನ ಒಂಟೆ ತಿಳಿದುಕೊಂಡಿತ್ತು.

2024ರ ನವೆಂಬರ್ 25ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಆಟ. 18 ವರ್ಷದ ಗುಕೇಶ್ ಇ4 ಆಡಿದರು. ತಿಂಗಳುಗಟ್ಟಲೆ ಸೊರಗಿ, ಎಲ್ಲರೂ ಮುಗಿದರೆಂದುಕೊಂಡಿದ್ದ ಚೀನಾದ ಡಿಂಗ್ ಲಿರೆನ್ ಇ6 ಎಂದರು. ಗುಕೇಶ್ ಗೆಲ್ಲಲಿ ಎಂದು ಮನಸಾರೆ ಬಯಸುತ್ತ ಬೆಂಗಳೂರಿನ ಮನೆಯಲ್ಲಿ ಕೂತವನು, ಆ ಒಂದು ಹೆಜ್ಜೆ ಕಂಡೊಡನೆ ಎದ್ದು ನಿಂತೆ. 42 ನಡೆಗಳಲ್ಲಿ ಡಿಂಗ್ ಗೆದ್ದರು. ಡಿಸೆಂಬರ್ 12ರಂದು ಗುಕೇಶ್ ಚಾಂಪಿಯನ್ ಆದಾಗ ಕಣ್ಣು ತುಂಬಿ ಬಂತು. ಮೊದಲ ದಿನ ಮಾತ್ರ ಡಿಂಗ್ ಕಡೆಗೆ ವಾಲಿದ್ದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಮಾಮ ಇದ್ದಿದ್ದರೆ ಅವರಿಗೆ ಹೇಳಬಹುದಿತ್ತು.

ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿಯ ಹುಡುಗರಿದ್ದಾರೆ. ಬಟ್ಟೆಯ ಹಾಸು ಮಾಮನ ಮಗಳ ಮನೆಯಲ್ಲಿದೆ ಎಂದು ಕೇಳಿದ್ದೇನೆ. ನನ್ನ ಹತ್ತಿರ ಉಳಿದಿರುವುದು ಸ್ಕೋರ್ ಶೀಟು. 28ನೇ ಸಾಲಿನಲ್ಲಿ ಕಪ್ಪಿನ ಜಾಗ ಖಾಲಿ. ಆವತ್ತು ಮಾಮ ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕಿನಿಂದ ಅಲ್ಲೇನೋ ಗುರುತು ಹಾಕಿದ್ದರು, ಈಗ ಒರೆಸಿಹೋಗಿದೆ.

ಹಿಂಬದಿಯಲ್ಲಿ ಮಾತ್ರ ಪೆನ್ಸಿಲ್ ಬರಹ ಉಳಿದಿದೆ. ಆಟ ನೋಡಿ ಮುಗಿಸಿ, ಕಾಯಿಗಳನ್ನು ಡಬ್ಬಿಗೆ ತುಂಬಿದ ಮೇಲೆ ಅವರು ಕೊರಳಿನ ಟೇಪು ತೆಗೆದು, "ಎದ್ದು ನಿಲ್ಲು, ಹಬ್ಬಕ್ಕೊಂದು ಅಂಗಿ ಹೊಲೀತೀನಿ" ಎಂದಿದ್ದರು. ಕೈಗೆ ಸಿಕ್ಕ ಕಾಗದ ಅದೇ. ಎದೆ 34, ಉದ್ದ 28, ತೋಳು 23. ಅದರ ಕೆಳಗೆ, ಅವರಿಗೆ ಅವರೇ ಬರೆದುಕೊಂಡದ್ದು: "ಬೆಳೆಯೋ ಹುಡುಗ. ಒಳಗೆ ಒಂದಿಂಚು ಬಿಡಬೇಕು."